ನಿನ್ನ ಕಂಪೊಂಗ್ ಹೆಸರೆಂತ?

ಕಳೆದ ಸಲ ಊರಿಗೆ ಹೊರಟಾಗ ಏರ್‌ಪೋರ್ಟಿಗೆ ಟ್ಯಾಕ್ಸಿ ಹಿಡಿದೆ. ಡ್ರೈವರ್ ಮಲಯ್ ಅಂಕಲ್ ಒಬ್ರು, ಎಪ್ಪತ್ತರ ಹತ್ತಿರ ಇರಬಹುದು, ಡಿಕ್ಕಿಗೆ ಸೂಟ್‌ಕೇಸ್ ಎತ್ತಿ ಹಾಕ್ತಾನೇ "ಬಾಲಿಕ್ ಕಂಪೊಂಗ್ ಆ?" ಅಂತ ಕೇಳಿದ್ರು. ಊರಿಗಾ ಅಂತ. ಸಿಂಗಾಪುರದಲ್ಲಿ ಕಂಪೊಂಗ್ ಅಂದ್ರೆ ಹಳ್ಳಿಯೂ ಹೌದು, ನಮ್ಮೂರು ಅಂತ ನಾವು ಹೇಳ್ತೇವಲ್ಲ ಅದೂ ಹೌದು. ಹೌದು ಅಂಕಲ್, ಮಂಗಳೂರು ಅಂದೆ. ಅದು ಸಿಟಿ ಅಲ್ವಾ, ನಿನ್ನ ಕಂಪೊಂಗ್ ಹೆಸರೆಂತ ಅಂದ್ರು. ನಾನು ಎಂತ ಯೋಚನೆಯೂ ಮಾಡದೆ "ಥರ್ಡ್ ಬ್ಲಾಕ್" ಅಂದುಬಿಟ್ಟೆ. ಅವರು ಸ್ಟೇರಿಂಗಿಗೆ ಬಡಿದು ಬಡಿದು ನಕ್ರು. ಅದು ಕಂಪೊಂಗ್ ಅಲ್ಲ ಲಾ, ಅದು ಎಚ್‌ಡಿಬಿ!

ಎಚ್‌ಡಿಬಿ ಅಂದ್ರೆ ಇಲ್ಲಿನ ಸರಕಾರಿ ಫ್ಲಾಟು, ನಾನೂ ಅಂಥದ್ರಲ್ಲೇ ಬಾಡಿಗೆಗೆ ಇರೋದು, ಅಡ್ರೆಸ್ ಶುರುವಾಗೋದೇ ಬ್ಲಾಕ್ ನಂಬರಿಂದ. ಆಗ ನಾನೂ ನಕ್ಕೆ, ಆದ್ರೆ ವಿಮಾನ ಹತ್ತಿ ಕೂತ ಮೇಲೆ ಯಾಕೋ ಚುಚ್ಚಿತು ಮಾರಾಯ್ರೆ. ಐವತ್ತು ವರ್ಷದ ಮೇಲಾಯ್ತು ನಮ್ಮವರು ಕಾಟಿಪಳ್ಳಕ್ಕೆ ಬಂದು. ಇನ್ನೂ ನಮ್ಮ ಊರಿನ ಹೆಸರು ಒಂದು ಅಂಕಿ.

ಗೊತ್ತಿಲ್ಲದವರಿಗೆ ಹೇಳ್ತೇನೆ, ಮಂಗಳೂರಿನ ಪಣಂಬೂರಲ್ಲಿ ಈಗ ದೊಡ್ಡ ಬಂದರು ಉಂಟಲ್ಲ, ಅದು ಕಡಲ ಬದಿಯ ನೆಲ ಅಗೆದು ಒಳಗೆ ನೀರು ತಂದು ಮಾಡಿದ ಬಂದರು, 1974ರಲ್ಲಿ ದೇಶದ ಒಂಬತ್ತನೇ ಮೇಜರ್ ಪೋರ್ಟ್ ಆಯ್ತು. ಆ ಅಗೆದ ನೆಲದಲ್ಲಿ ಮೊದಲು ಮನೆಗಳಿದ್ವು, ಗದ್ದೆ ಇತ್ತು, ತೆಂಗಿನ ತೋಟ ಇತ್ತು. ಅಲ್ಲಿಂದ ಎದ್ದವರಿಗೆ ಕಾಟಿಪಳ್ಳ, ಕೃಷ್ಣಾಪುರ ಕಡೆ ಗುಡ್ಡದ ಮೇಲೆ ಸೈಟು ಕೊಟ್ರು. ನಮ್ಮ ಅಜ್ಜನೂ ಅದ್ರಲ್ಲಿ ಒಬ್ರು. ಕಡಲ ಬದಿಯವರು ಮುರಕಲ್ಲಿನ ಗುಡ್ಡಕ್ಕೆ ಬಂದದ್ದು, ಬಾವಿ ತೋಡಿದ್ರೆ ನೀರೇ ಸಿಗ್ತಿರಲಿಲ್ಲ ಅಂತ ಅಜ್ಜಿ ಸಾಯೋವರೆಗೂ ಹೇಳ್ತಿದ್ರು. ಸೈಟು ಗುರುತಿಗೆ ಬ್ಲಾಕ್ ಅಂತ ಯಾರೋ ನಂಬರ್ ಹಾಕಿದ್ರು, ಆ ನಂಬರೇ ನಿಂತುಹೋಯ್ತು. ಬಸ್ಸಿನ ಬೋರ್ಡಲ್ಲಿ ಬ್ಲಾಕ್, ಮದುವೆ ಕಾಗದದಲ್ಲಿ ಬ್ಲಾಕ್, ಕ್ರಿಕೆಟ್ ಟೀಮಿಗೂ ಬ್ಲಾಕಿನದ್ದೇ ಹೆಸರು.

ಸರಿ, ಊರಿಂದ ವಾಪಸ್ ಬಂದ ಮೇಲೆ ಒಂದು ಭಾನುವಾರ ಲೊರೊಂಗ್ ಬುವಾಂಗ್‌ಕೋಕ್‌ಗೆ ಹೋದೆ. ಸಿಂಗಾಪುರದ ಮುಖ್ಯ ದ್ವೀಪದಲ್ಲಿ ಉಳಿದಿರೋ ಕೊನೇ ಕಂಪೊಂಗ್ ಅದು. ಎಂಆರ್‌ಟಿ, ಅಂದ್ರೆ ಇಲ್ಲಿನ ಮೆಟ್ರೋ, ಇಳಿದು ಒಳ್ಳೆ ನಡೆಯಬೇಕು. (ಆ ಬುವಾಂಗ್‌ಕೋಕ್ ಸ್ಟೇಷನ್ನಿನದ್ದೇ ಒಂದು ಕಥೆ. ಲೈನ್ 2003ರಲ್ಲೇ ಶುರುವಾದ್ರೂ ಜನ ಇಲ್ಲ ಅಂತ ಆ ಸ್ಟೇಷನ್ ಮುಚ್ಚಿಟ್ಟಿದ್ರು, 2005ರಲ್ಲಿ ಯಾರೋ ರಸ್ತೆ ಬದಿ ರಟ್ಟಿನ ಬಿಳಿ ಆನೆಗಳನ್ನ ನಿಲ್ಲಿಸಿದ್ರು, ಮರುವರ್ಷ ಜನವರಿಯಲ್ಲಿ ಬಾಗಿಲು ತೆಗೀತು. ನಮ್ಮಲ್ಲಿ ಅಷ್ಟಕ್ಕೆಲ್ಲ ತೆಗೀತಿದ್ರೆ ಆನೆ ಮಾಡುವವರಿಗೆ ಪುರ್ಸೊತ್ತೇ ಇರ್ತಿರಲಿಲ್ಲ.)

ಮೇನ್ ರೋಡ್ ಬಿಟ್ಟು ಒಳಗೆ ತಿರುಗಿದ್ರೆ ಟಾರು ಮುಗೀತದೆ, ಮಣ್ಣಿನ ದಾರಿ, ತಗಡಿನ ಮಾಡಿನ ಒಂದಂತಸ್ತಿನ ಮನೆಗಳು, ಬಾಳೆ, ಪಪ್ಪಾಯಿ, ತಲೆ ಮೇಲೆ ಕರೆಂಟಿನ ತಂತಿ. ಈ ದೇಶದಲ್ಲಿ ತಲೆ ಮೇಲೆ ತಂತಿ ನೋಡೋದೇ ಒಂದು ಪುಣ್ಯ. ಒಂದು ಸುರಾವ್ ಉಂಟು, ಸಣ್ಣ ಮಸೀದಿ. ಮಲಯ್ ಮನೆ, ಚೀನಿ ಮನೆ ಅಕ್ಕಪಕ್ಕ, ಎಲ್ಲ ಸೇರಿ ಇಪ್ಪತ್ತೈದು ಇಪ್ಪತ್ತಾರು ಸಂಸಾರ. 1956ರಲ್ಲಿ ಒಬ್ಬ ಚೀನಿ ನಾಟಿ ಮದ್ದಿನವರು ತಗೊಂಡ ಜಾಗ, ಈಗ ಮಗಳು ಅಲ್ಲೇ ಇದ್ದು ನೋಡ್ಕೊಳ್ತಾರೆ. ಬಾಡಿಗೆ ತಿಂಗಳಿಗೆ ಆರೂವರೆ ಡಾಲರಿಂದ ಮೂವತ್ತರವರೆಗೆ ಅಂತ ಪೇಪರಿನಲ್ಲಿ ಎಷ್ಟೋ ಸಲ ಬಂದಿದೆ. ನಾನು ಒಂದು ರೂಮಿಗೆ ಎಷ್ಟು ಕೊಡ್ತೇನೆ ಅಂತ ಇಲ್ಲಿ ಬರೆದ್ರೆ ಅಮ್ಮ ಓದ್ತಾರೆ, ಬೇಡ.

ನನಗೆ ಇಷ್ಟ ಆದದ್ದು ಅದ್ಯಾವುದೂ ಅಲ್ಲ. ಆ ಕಂಪೊಂಗಿಗೆ ಮಲಯ್ ಜನ ಇಟ್ಟ ಹೆಸರು ಸೆಲಾಕ್ ಕೈನ್. ಹಾಗಂದ್ರೆ ಲುಂಗಿ ಎತ್ತು! ತಗ್ಗು ಜಾಗ, ಜೋರು ಮಳೆ ಬಂದ್ರೆ ನೀರು ನಿಲ್ತದೆ, ದಾಟಬೇಕಾದ್ರೆ ಸಾರೊಂಗ್ ಎತ್ತಿ ಕಟ್ಟಬೇಕು, ಅದೇ ಊರಿನ ಹೆಸರಾಯ್ತು.

ಅಲ್ಲಿಂದ ಮೇಲೆ ನನಗೆ ಇದೇ ಹುಚ್ಚು, ಸ್ಟೇಷನ್ ಸ್ಟೇಷನ್ ಹೆಸರು ಹುಡುಕೋದು. ಟೋವಾ ಪಾಯೋ ಅಂದ್ರೆ ದೊಡ್ಡ ಜೌಗು. ಪೊತೊಂಗ್ ಪಾಸಿರ್ ಅಂದ್ರೆ ಹೊಯಿಗೆ ಕಡಿಯೋ ಜಾಗ. ಯಿಯೋ ಚು ಕಾಂಗ್ ಅಂದ್ರೆ ಯಾವುದೋ ಕಾಲದಲ್ಲಿ ಯಿಯೋ ಮನೆತನದವರು ಹೊಳೆ ಬದಿ ತೋಟ ಮಾಡಿದ್ದ ಜಾಗ. ಜೌಗೂ ಇಲ್ಲ, ಹೊಯಿಗೆಯೂ ಇಲ್ಲ, ತೋಟ ಅಂತೂ ಮೊದಲೇ ಇಲ್ಲ, ಎಲ್ಲ ಕಡೆ ಇಪ್ಪತ್ತು ಮೂವತ್ತು ಮಾಳಿಗೆ. ಆದ್ರೆ ಹೆಸರು ಮುಟ್ಟಲಿಲ್ಲ. ದಿನಕ್ಕೆ ಎರಡು ಸಲ ರೈಲಲ್ಲಿ ಒಂದು ಹೆಂಗಸಿನ ದನಿ ನನಗೆ ಆ ಹೆಸರು ಕೂಗಿ ಹೇಳ್ತದೆ. ನಮ್ಮಲ್ಲಾದ್ರೆ ದೊಡ್ಡ ಜೌಗು ಅನ್ನೋ ಕಡೆ ಫ್ಲಾಟ್ ಕಟ್ಟಿ ಲೇಕ್ ವ್ಯೂ ಅಂತ ಬೋರ್ಡ್ ಹಾಕ್ತಿದ್ರು, ಅಥವಾ ನಂಬರ್.

ಪಣಂಬೂರು ಹೆಸರು ಇಲ್ವಾ, ಬೀಚಿಗೆ ಅದೇ ಹೆಸರಲ್ವಾ ಅಂತೀರಿ. ಉಂಟು. ಬೀಚಿಗೆ ಉಂಟು, ಬಸ್‌ಸ್ಟಾಪಿಗೆ ಉಂಟು. ಆದ್ರೆ ಅಜ್ಜಿ ಹೇಳ್ತಿದ್ದ ಬೈಲಿನ ಹೆಸರು, ತೋಡಿನ ಹೆಸರು, ದೋಣಿ ಎಳೆದು ಇಡ್ತಿದ್ದ ಕಡೆಯ ಹೆಸರು, ಅದೆಲ್ಲ ಯಾವ ಬೋರ್ಡಲ್ಲೂ ನಾನು ನೋಡಲಿಲ್ಲ. ಇಲ್ಲಿ 1979ರಿಂದಲೇ ಸರಕಾರ ಹಳಬರನ್ನ ಕೂರಿಸಿ ಅವರ ಮಾತು ರೆಕಾರ್ಡ್ ಮಾಡಿ ಇಡ್ತದೆ. ನಮ್ಮ ಅಜ್ಜಿ ಅಷ್ಟು ಹೇಳಿದ್ರು, ನಾನೇ ಮೊಬೈಲ್ ತೆಗೆದು ರೆಕಾರ್ಡ್ ಮಾಡಲಿಲ್ಲ, ಅದು ಬೇರೆ ಮಾತು.

ಇಷ್ಟೆಲ್ಲ ಬರೆದು ಮತ್ತೆ ಆ ಟ್ಯಾಕ್ಸಿ ಅಂಕಲ್ ಹೇಳಿದ್ದು ಬಿಟ್ರೆ ಸರಿಯಾಗುದಿಲ್ಲ. ಅವರದ್ದು ಪೊಂಗೋಲ್ ಕಡೆ ಕಂಪೊಂಗ್ ಇತ್ತಂತೆ. ಹೆಸರು ಈಗಲೂ ಉಂಟು, ಸ್ಟೇಷನ್ನೇ ಉಂಟು. ಪಕ್ಕದ ಮನೆಯವರು ಎಲ್ಲಿದ್ದಾರೆ ಅಂಕಲ್ ಅಂದೆ. ಕೈ ಆಡಿಸಿದ್ರು, ಒಬ್ರು ಆಚೆ, ಒಬ್ರು ಈಚೆ. ಫ್ಲಾಟ್ ಸಿಕ್ಕಿದ ಕಡೆ ಹೋಗಿದ್ದು. ಮೇಲಿಂದ 1989ರಿಂದ ಬ್ಲಾಕಿಗೆ ಇಷ್ಟು ಚೀನಿಯರು, ಇಷ್ಟು ಮಲಯರು, ಇಷ್ಟು ಭಾರತೀಯರು ಅಂತ ಲೆಕ್ಕ ಬೇರೆ ಉಂಟು. ಆ ಸೆಲಾಕ್ ಕೈನ್ ಮೇಲೂ ರಸ್ತೆ, ಶಾಲೆ ಅಂತ ಪ್ಲಾನಿನಲ್ಲಿ ಗೆರೆ ಎಳೆದು ಆಗಿದೆ, ಯಾವಾಗ ಅಂತ ಮಾತ್ರ ಹೇಳಿಲ್ಲ. ನಮ್ಮ ಅಜ್ಜಿಗಾದ್ರೆ ಪಣಂಬೂರಲ್ಲಿ ಬೇಲಿ ಆಚೆ ಇದ್ದ ಬ್ಯಾರಿ ಮನೆಯವರು ಗುಡ್ಡದ ಮೇಲೂ ಎರಡು ಸಾಲು ಆಚೆಗೇ ಸಿಕ್ಕಿದ್ರು, ಜಗಳವೂ ಅದೇ, ಈದ್ ಪೆರ್ನಾಲಿನ ತಿಂಡಿಯೂ ಅದೇ, ಭೂತಕೋಲಕ್ಕೆ ಚಪ್ಪರ ಹಾಕ್ಲಿಕ್ಕೂ ಅವರೇ.

ಮತ್ತೆ ನಮ್ಮಲ್ಲೂ ಹಳೇ ಹೆಸರು ಬಿಡದ ಕಡೆ ಉಂಟು, ಮಂಗಳೂರಿನ ಪಂಪ್‌ವೆಲ್. ಸರ್ಕಲಿಗೆ ಮಹಾವೀರ ವೃತ್ತ ಅಂತ ಹೆಸರಿಟ್ಟು ಎಷ್ಟು ಕಾಲ ಆಯ್ತು, ಬಸ್ಸಿನ ಕಂಡಕ್ಟರ್ ಕೂಗುದು ಪಂಪ್‌ವೆಲ್ ಪಂಪ್‌ವೆಲ್ ಅಂತಲೇ.

ಮೊನ್ನೆ ಅಮ್ಮನಿಗೆ ಆನ್‌ಲೈನಲ್ಲಿ ಮಿಕ್ಸಿ ಕಳಿಸಿದ್ದೆ. ಮನೆ ನಂಬರ್, ಮೂರನೇ ಬ್ಲಾಕ್, ಪಿನ್‌ಕೋಡ್ ಎಲ್ಲ ನೀಟಾಗಿ ಹಾಕಿದ್ದೆ. ಡೆಲಿವರಿ ಹುಡುಗ ಮಸೀದಿ ಹತ್ತಿರ ನಿಂತು ನನಗೆ ಫೋನ್ ಮಾಡ್ತಾನೆ, ಸರ್ ಇಲ್ಲಿ ಆ ನಂಬರಿನ ಮನೆಯೇ ಇಲ್ಲ ಅಂತ. ಅಮ್ಮನಿಗೆ ಮಾಡಿ ಹೇಳಿದೆ. "ನಂಬರ್ ಯಾರಿಗೆ ಗೊತ್ತುಂಟು ಮಾರಾಯ, ಕಡಲಬರಿ ಮನೆ ಅಂತ ಕೇಳ್ಲಿಕ್ಕೆ ಹೇಳು" ಅಂದ್ರು. ಕಡಲಬರಿ ಅಂದ್ರೆ ತುಳುವಿನಲ್ಲಿ ಕಡಲ ಬದಿ. ಗುಡ್ಡದ ಮೇಲಿನ ಮನೆ, ತಾರಸಿಗೆ ಹತ್ತಿದ್ರೂ ಕಡಲು ಕಾಣೂದಿಲ್ಲ. ಐದು ನಿಮಿಷದಲ್ಲಿ ಮಿಕ್ಸಿ ಮುಟ್ಟಿತು.