ಪುಕ್ಕಟೆ ಕೊಟ್ಟವರಿಗೆ ಖಂಡನಾ ನಿರ್ಣಯ

ಮುಂಬಯಿಯ ಉಪನಗರವೊಂದರ ಕನ್ನಡ ಸಂಘ 2025ರ ಸೆಪ್ಟೆಂಬರಿನಲ್ಲಿ ಒಂದು ಖಂಡನಾ ನಿರ್ಣಯ ಪಾಸು ಮಾಡಿತು. ಸಂಘದ ಹೆಸರು ಬೇಡ. ರಾಜ್ಯೋತ್ಸವದ ಊಟಕ್ಕೆ ನನ್ನನ್ನು ಕರೆಯುವವರು ಅವರೊಬ್ಬರೇ. ಖಂಡನೆ ಯಾಕೆ ಅಂತೀರಾ? ಲೋಕಲ್ ರೈಲಿನ ನೂಕುನುಗ್ಗಲಿಗಲ್ಲ, ಮಳೆಗೆ ನೀರು ತುಂಬುವ ರಸ್ತೆಗೂ ಅಲ್ಲ. ಪತ್ರ, ಪಟ್ಟಿ, ಲೆಕ್ಕ ಬರೆಯಲು ಬಳಸುವ ಲಿಬ್ರೆಆಫೀಸ್ ಎಂಬ ಪುಕ್ಕಟೆ ತಂತ್ರಾಂಶದ ಮೇಲೆ.

ಅದು ಮಾಡಿದ ಅಪರಾಧ ಇಷ್ಟು: ಆಗಸ್ಟಿನಲ್ಲಿ ಬಂದ 25.8 ಆವೃತ್ತಿ ವಿಂಡೋಸ್ 7ರಲ್ಲಿ ನಡೆಯುವುದಿಲ್ಲ. ಸಂಘದ ಆಫೀಸಿನಲ್ಲಿರುವುದು ಅದೇ ವಿಂಡೋಸ್ 7. 2009ರ ಮಾಲು. ಕಮಿಟಿ ಎಷ್ಟು ಸಲ ಬದಲಾದರೂ ಅದು ಬದಲಾಗಿಲ್ಲ. ಕಮಿಟಿಯೂ ಬದಲಾಗಿಲ್ಲ ಬಿಡಿ, ಅದೇ ಜನ ಕುರ್ಚಿ ಬದಲಿಸಿ ಕೂತಿದ್ದಾರೆ.

"ಇದು ಬಡವರ ಕಂಪ್ಯೂಟರುಗಳ ಮೇಲಿನ ದಬ್ಬಾಳಿಕೆ" ಎಂದರು ಅಧ್ಯಕ್ಷರು. ಚಪ್ಪಾಳೆ ಬಿತ್ತು.

ವಿಂಡೋಸ್ 7 ಮಾಡಿ, ಮಾರಿ, ದುಡ್ಡು ಎಣಿಸಿಕೊಂಡದ್ದು ಮೈಕ್ರೋಸಾಫ್ಟ್. ಅದು 2020ರ ಜನವರಿ 14ಕ್ಕೇ ನಮ್ಮ ನಿಮ್ಮಂಥವರ ಕೈಬಿಟ್ಟಿತ್ತು. ಆಮೇಲೂ ಭದ್ರತೆಯ ಅಪ್‌ಡೇಟ್ ಬೇಕೆಂದ ಕಂಪನಿಗಳು ಮತ್ತೆ ದುಡ್ಡು ಕಟ್ಟಬೇಕಿತ್ತು. 2023ಕ್ಕೆ ಆ ಬಾಗಿಲೂ ಮುಚ್ಚಿತು. ಆಗ ಸಂಘ ಖಂಡಿಸಿತೇ? ಇಲ್ಲ. "ದೊಡ್ಡವರು, ಅವರಿಗೆ ನೂರೆಂಟು ತಾಪತ್ರಯ" ಎಂದು ಸುಮ್ಮನಾಯಿತು. ಒಂದು ಪೈಸೆ ಕೇಳದೆ, ಹೆತ್ತವರೇ ಬಿಟ್ಟುಹೋದ ಕೂಸನ್ನು ಐದು ವರ್ಷ ಜಾಸ್ತಿ ಸಾಕಿದವರು ಮಾತ್ರ ದ್ರೋಹಿಗಳು.

ಅಷ್ಟಕ್ಕೂ ಸಂಘಕ್ಕೆ ನಷ್ಟವೇನೂ ಆಗಿರಲಿಲ್ಲ. ಹಳೆಯ ಆವೃತ್ತಿ ಹಾಗೇ ನಡೆಯುತ್ತಿದೆ. ಅಪ್‌ಡೇಟ್ ಮಾಡಿ ಎಂದು ಪರದೆಯ ಮೇಲೆ ಬರುತ್ತಿದ್ದ ಸೂಚನೆಯನ್ನು "ವೈರಸ್, ವೈರಸ್" ಎಂದು ಗಾಬರಿಯಿಂದ ಮುಚ್ಚುತ್ತಿದ್ದವರೂ ಇದೇ ಕಮಿಟಿಯವರು. ಹಾಕಿಕೊಳ್ಳುವ ಮನಸ್ಸೇ ಇರದ ಆವೃತ್ತಿ ಸಿಗಲಿಲ್ಲವೆಂದು ಈಗ ಎದೆ ಬಡಿದುಕೊಂಡರು.

ಹಳೆಯ ವಿಂಡೋಸನ್ನು ಉಳಿಸಿಕೊಳ್ಳಲು ಲಿಬ್ರೆಆಫೀಸಿನವರಿಗೇನು ಕಷ್ಟ ಎಂದು ಕಾರ್ಯದರ್ಶಿಗಳು ಕೇಳಿದರು. ಸಭೆಯಲ್ಲಿದ್ದ ಒಬ್ಬ ಹುಡುಗ, ಪವಯಿಯಲ್ಲಿ ಕೋಡ್ ಬರೆಯುವವನು, ಪಾಪ, ಉತ್ತರ ಹೇಳಲು ಹೋದ. ಪ್ರತಿ ಹೊಸ ಆವೃತ್ತಿಯನ್ನೂ ಹಳೆಯ ಯಂತ್ರದಲ್ಲಿ ಓಡಿಸಿ ನೋಡಬೇಕು. ಅದಕ್ಕೆಂದೇ ಅಡ್ಡದಾರಿಯ ಕೋಡ್ ಬರೆಯಬೇಕು, ಬರೆದದ್ದನ್ನು ಕಾಯಬೇಕು. ಇವರು ಆಧರಿಸಿದ ಬೇರೆ ತಂತ್ರಾಂಶಗಳೂ ಒಂದೊಂದಾಗಿ ಕೈಬಿಡುತ್ತವೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ 2020ರಲ್ಲೇ, 3.9 ಆವೃತ್ತಿಯಿಂದ, ವಿಂಡೋಸ್ 7 ಬಿಟ್ಟಿತ್ತು. ಇನ್ನು ಬಿಡದೆ ಇಟ್ಟುಕೊಂಡರೆ ಏನಾಗುತ್ತದೆ? 2014ರಲ್ಲಿ, ಇಂಟರ್ನೆಟ್ಟಿನ ಮಾತುಕತೆಗೆ ಬೀಗ ಹಾಕುವ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶದಲ್ಲಿ ಹಾರ್ಟ್‌ಬ್ಲೀಡ್ ಎಂಬ ತೂತು ಸಿಕ್ಕಿತು. ಓಪನ್‌ಬಿಎಸ್‌ಡಿ ಎಂಬ ಇನ್ನೊಂದು ಪುಕ್ಕಟೆ ವ್ಯವಸ್ಥೆಯವರು ಅದರ ಕೋಡನ್ನು ಪ್ರತ್ಯೇಕ ಮಾಡಿಕೊಂಡು ಕಸ ಗುಡಿಸಲು ಕೂತರು. ಮೊದಲ ವಾರದಲ್ಲೇ 90,000ಕ್ಕೂ ಹೆಚ್ಚು ಸಾಲು ಹೊರಗೆ ಹೋಯಿತು. ಓಎಸ್/2, ನೆಟ್‌ವೇರ್, 16 ಬಿಟ್ಟಿನ ವಿಂಡೋಸ್, ಹೀಗೆ ಓಬೀರಾಯನ ಕಾಲದ ವ್ಯವಸ್ಥೆಗಳಿಗೆಲ್ಲ ಅಲ್ಲಿ ಜಾಗವಿತ್ತು. ಬೀಗ ಮಾಡುವವರ ಅಂಗಡಿಯಲ್ಲಿ ಇಷ್ಟೊಂದು ಗುಜರಿ!

ವಿಂಡೋಸಿನ ಹಾಗೆ ಕಂಪ್ಯೂಟರ್ ನಡೆಸುವ, ಆದರೆ ಪುಕ್ಕಟೆಯಾದ ಲಿನಕ್ಸನ್ನು ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಶುರು ಮಾಡಿದ್ದೇ 386 ಎಂಬ ಚಿಪ್ಪಿನ ಯಂತ್ರದ ಮೇಲೆ. 2012ರ ಕೊನೆಗೆ 386ನ್ನೇ ಕೈಬಿಡುವ ಬದಲಾವಣೆ ಬಂದಾಗ, ನನಗೆ ಅಂಥ ಭಾವುಕತೆಯಿಲ್ಲ ಎಂದು ಒಪ್ಪಿಕೊಂಡುಬಿಟ್ಟ. ಹುಡುಗ ಇದನ್ನೂ ಹೇಳಿದ.

"ಅವ ಫಿನ್‌ಲ್ಯಾಂಡಿನವ ಮಾರಾಯ, ಅವನಿಗೆ ಎಂಥ ಭಾವನೆ? ನಾವು ಹಾಗಲ್ಲ" ಎಂದರು ಖಜಾಂಚಿ.

ಹೌದೇ? ಪದ್ಮಿನಿ ಟ್ಯಾಕ್ಸಿಗಳಿಗೆ 20 ವರ್ಷದ ಮಿತಿ ಮುಗಿಯಿತೆಂದು 2023ರ ಅಕ್ಟೋಬರಿನಲ್ಲಿ ರಸ್ತೆಯಿಂದ ಇಳಿಸಿದರು. ಮುಂಬಯಿ ಜನ ಪಕ್ಕದಲ್ಲಿ ನಿಂತು ಸೆಲ್ಫಿ ತೆಗೆದುಕೊಂಡರು, ನಿಟ್ಟುಸಿರು ಬಿಟ್ಟರು, ಎಸಿ ಗಾಡಿ ಬುಕ್ ಮಾಡಿ ಮನೆಗೆ ಹೋದರು. ಮೆಕ್ಯಾನಿಕ್ ಇನ್ನು ಮುಂದೆಯೂ ಬಿಟ್ಟಿ ರಿಪೇರಿ ಮಾಡಿಕೊಡಲಿ ಎಂದು ಯಾರೂ ನಿರ್ಣಯ ಮಾಡಲಿಲ್ಲ.

ಹುಡುಗ ದಾರಿಗಳನ್ನೂ ಹೇಳಿದ. ಅದೇ ಡಬ್ಬಕ್ಕೆ ಲಿನಕ್ಸ್ ಹಾಕಬಹುದು. ಲಿಬ್ರೆಆಫೀಸಿನ ಸೋರ್ಸ್, ಅಂದರೆ ಮೂಲ ಕೋಡ್, ಎಲ್ಲರಿಗೂ ತೆರೆದೇ ಇದೆ, ವಿಂಡೋಸ್ 7 ಮೇಲೆ ಅಷ್ಟು ಪ್ರೀತಿ ಇದ್ದರೆ ಯಾರನ್ನಾದರೂ ಇಟ್ಟುಕೊಂಡು ನಾವೇ ನಡೆಸಬಹುದು. ಅದಾಗದಿದ್ದರೆ ಅವರಿಗೆ ಒಂದಿಷ್ಟು ದೇಣಿಗೆಯಾದರೂ ಕೊಡಬಹುದು. ಮೊದಲನೆಯದಕ್ಕೆ ಅಡ್ಡ ಬಂದದ್ದು ನುಡಿ ಎಂಬ ಕನ್ನಡ ಫಾಂಟು. ಸದಸ್ಯರ ಪಟ್ಟಿಯೆಲ್ಲ ಹಳೆಯ ನುಡಿಯಲ್ಲಿದೆ. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅಧ್ಯಕ್ಷರ ಹೆಸರೂ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನವಾಗುತ್ತದೆ. ಯಾವ ಕಂಪ್ಯೂಟರಿನಲ್ಲೂ ಅಕ್ಷರ ಕೆಡದಂತೆ ಮಾಡಿದ ಯೂನಿಕೋಡ್ ಸಂಕೇತದಲ್ಲಿ ಕನ್ನಡ 1991ರಿಂದಲೇ ಇದೆಯಲ್ಲ ಅಂದ ಹುಡುಗ. "ಇನ್ನೂ ಸ್ವಲ್ಪ ದಿನ ನೋಡೋಣ, ಅವಸರ ಬೇಡ" ಅಂದರು ಅಧ್ಯಕ್ಷರು. ಎರಡನೆಯದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ದೇಣಿಗೆಗೆ ಬೈಲಾದಲ್ಲಿ ಅವಕಾಶವಿಲ್ಲ.

ಲಿಬ್ರೆಆಫೀಸಿನ ಪ್ರತಿಷ್ಠಾನ ಇರುವುದು ಬರ್ಲಿನ್ನಿನಲ್ಲಿ. ಅವರಿಗೆ ಖಂಡನಾ ಪತ್ರ ಇಮೇಲಿನಲ್ಲಿ ಹೋಯಿತು, ಕಾರ್ಯದರ್ಶಿಗಳ ಮೊಮ್ಮಗಳ ಫೋನಿನಿಂದ. ಸಂಘದ ಬ್ರೌಸರಿನಲ್ಲಿ ಜಿಮೇಲ್ ತೆರೆಯಲಿಲ್ಲ. ಒಂದು ಪ್ರತಿ ದೆಹಲಿಯ ಐಟಿ ಸಚಿವಾಲಯಕ್ಕೂ ಹೋಗಬೇಕು, ಅದೂ ರಿಜಿಸ್ಟರ್ಡ್ ಪೋಸ್ಟಿನಲ್ಲೇ ಎಂದು ತೀರ್ಮಾನವಾಗಿತ್ತು. ಅಂಚೆ ಕಚೇರಿಯ ಕೌಂಟರಿನವರು ಲಕೋಟೆ ವಾಪಸ್ ತಳ್ಳಿದರು. ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಗಿದೆ, ಈಗ ಸ್ಪೀಡ್ ಪೋಸ್ಟೇ ಮಾಡಬೇಕು.

"ಹೌದಾ ಸಾಹೇಬ್" ಎಂದರು ಕಾರ್ಯದರ್ಶಿಗಳು. ಕೇಳಿದಷ್ಟು ದುಡ್ಡು ಕಟ್ಟಿ, ರಸೀದಿ ಮಡಚಿ ಜೇಬಿಗಿಟ್ಟುಕೊಂಡರು. ಮುಂದಿನ ಸಭೆಯಲ್ಲಿ ಆ ಖರ್ಚು ಅವಿರೋಧವಾಗಿ ಮಂಜೂರಾಯಿತು.