ಹ್ಯಾವಕ್ ಎಂದು ಕೂಗಿದವರು ಯಾರು?

ಮಳೆಗಾಲ ಬಂತೆಂದರೆ ಬೆಂಗಳೂರಿನ ಇಂಗ್ಲಿಷ್ ಪತ್ರಿಕೆಗಳ ಮುಖಪುಟಕ್ಕೆ ‘ಹ್ಯಾವಕ್’ (havoc, ಅಂದರೆ ಭಾರೀ ಹಾನಿ) ಎಂಬ ಪದ ತಪ್ಪದೆ ಹಾಜರಾಗುತ್ತದೆ. ಎಸಗಿದ್ದು ಯಾರೆಂದರೆ, ಮಳೆ. ಈ ವಿಷಯದಲ್ಲಿ ಕನ್ನಡಿಗರಾದ ನಾವೂ ಹಿಂದೆ ಬಿದ್ದಿಲ್ಲ. ನಮ್ಮಲ್ಲಿ ‘ಮಳೆ ಹಾವಳಿ’ಯಿದೆ, ಟಿ.ವಿ.ಯಲ್ಲಿ ವರುಣನ ಆರ್ಭಟವಿದೆ. (ಹ್ಯಾವಕ್, ಹಾವಳಿ ಕಿವಿಗೆ ಅಣ್ಣತಮ್ಮಂದಿರಂತೆ ಕೇಳಿಸಿದರೂ ಅವುಗಳಿಗೆ ನಂಟೇನೂ ಇಲ್ಲ.) ಆನೆ ಹಾವಳಿ, ಮಂಗನ ಹಾವಳಿ, ಸೊಳ್ಳೆ ಹಾವಳಿ ಎನ್ನುವಲ್ಲಿನ ಅನುಕೂಲವೇ ಅದು: ಹಾವಳಿ ಮಾಡಿದವರಿಗೆ ನೋಟಿಸು ಕೊಡಲು ಬರುವುದಿಲ್ಲ.

ಹುಟ್ಟಿದಾಗ ಹ್ಯಾವಕ್ ಇಷ್ಟು ಸಾಧುವಾಗಿರಲಿಲ್ಲ. ಹಳೆಯ ಫ್ರೆಂಚಿನಿಂದ ಇಂಗ್ಲಿಷಿಗೆ ಬಂದ ಅದು ದಂಡಿನಲ್ಲಿ ಹಾಕುವ ಕೂಗಾಗಿತ್ತು. ಆ ಕೂಗು ಕಿವಿಗೆ ಬಿದ್ದೊಡನೆ ಸೈನಿಕರು ಕೊಳ್ಳೆ ಹೊಡೆಯಲು ಇಳಿಯುತ್ತಿದ್ದರು. ಇಂಗ್ಲೆಂಡಿನ ದೊರೆ ಎರಡನೆಯ ರಿಚರ್ಡ್ 1385ರಲ್ಲಿ ತನ್ನ ದಂಡಿಗೆ ಹೊರಡಿಸಿದ ಕಟ್ಟಳೆಯಲ್ಲಿ, ಹಾಗೆ ಕೂಗಿದವನ ತಲೆ ತೆಗೆಯಬೇಕೆಂದು ವಿಧಿಸಿದ. ಅಂದರೆ ಆಗ ಹ್ಯಾವಕ್ಕಿಗೊಂದು ಬಾಯಿ ಇತ್ತು, ಆ ಬಾಯಿಗೊಂದು ತಲೆಯೂ ಇತ್ತು.

ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಂಥ ಊರೊಂದು ಮುಳುಗಬೇಕಾದರೆ ಆಕಾಶವೊಂದರ ಪ್ರಯತ್ನ ಸಾಲದು. ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಬಸ್ ನಿಲ್ದಾಣ ಎದ್ದಿತು, ಸಂಪಂಗಿ ಕೆರೆಯಲ್ಲಿ ಕ್ರೀಡಾಂಗಣ ಎದ್ದಿತು. ಉಳಿದ ಕೆರೆಗಳನ್ನು ಒಂದಕ್ಕೊಂದು ಬೆಸೆದಿದ್ದ ರಾಜಕಾಲುವೆಗಳು ಎಷ್ಟೋ ಕಡೆ ಬಡಾವಣೆಗಳ ಅಡಿಗೆ ಸೇರಿದವು. ಇವೆಲ್ಲ ನಡೆದದ್ದು ಹಗಲಿನಲ್ಲಿ, ನಕ್ಷೆಯ ಮೇಲೆ, ಸಹಿ ಮೊಹರುಗಳ ಸಮೇತ. ಹೀಗೆ ಯಾರೂ ಗಂಟಲೆತ್ತದೆಯೇ ಕೊಳ್ಳೆ ಮುಗಿಯಿತು. 2022ರ ಸೆಪ್ಟೆಂಬರಿನಲ್ಲಿ ಐಟಿ ಕಂಪನಿಗಳ ನೌಕರರು ಟ್ರ್ಯಾಕ್ಟರ್ ಏರಿ ಕಚೇರಿಗೆ ಹೋದಾಗ ಆರೋಪಿಯ ಸ್ಥಾನದಲ್ಲಿ ನಿಂತದ್ದು ಮಾತ್ರ ಎಂದಿನಂತೆ ಮೋಡ.

ಕಳೆದ ಮಳೆಗಾಲ ನಮ್ಮ ಬೀದಿಯ ಕೊನೆಯ ಮನೆಯ ಅಜ್ಜಿ ಫ್ರಿಜ್ಜಿನ ಕಾಲಿಗೆ ಇಟ್ಟಿಗೆ ಕೊಟ್ಟು, ಅಕ್ಕಿ ಡಬ್ಬವನ್ನು ಅಟ್ಟಕ್ಕೇರಿಸಿ, ಮಂಡಿಯುದ್ದ ನೀರಿನಲ್ಲಿ ನಿಂತು ಚೊಂಬಿನಿಂದ ತೋಡಿ ತೋಡಿ ಹೊರಗೆ ಚೆಲ್ಲುತ್ತಿದ್ದರು; ಚೆಲ್ಲಿದ್ದು ಹೊಸ್ತಿಲು ದಾಟಿ ಮರಳಿ ಒಳಗೇ ಬರುತ್ತಿತ್ತು. ಪರಿಶೀಲನೆಗೆ ಬಂದ ಸಾಹೇಬರು ಪ್ಯಾಂಟು ಮಡಚಿಕೊಂಡು ಮೇಲೆ ನೋಡಿ, “ಎಂಥಾ ಮಳೆ ಅಜ್ಜಿ, ಹಾವಳಿ ಎಬ್ಬಿಸಿಬಿಡ್ತು” ಎಂದರು.

“ಮಳೆ ಮೇಲಿಂದ ಬರುತ್ತೆ ಸ್ವಾಮಿ. ಇದು ಮೋರಿಯಿಂದ ಬಂದಿದ್ದು.”

ಸಾಹೇಬರು ಮತ್ತೊಮ್ಮೆ ಮೋಡವನ್ನೇ ನೋಡಿದರು.