ಒಂದು ಸೀಲ್ ಅಷ್ಟೇ ಅಲ್ವಾ ಸಾರ್!

ಬೆಳಿಗ್ಗೆಯಿಂದ ತಲೆ ಕೆಟ್ಟಿದೆ. ಇಲ್ಲಾದರೂ ಕಾರಿಕೊಳ್ಳೋಣ ಅಂತ ಕೂತಿದ್ದೇನೆ.

ಹತ್ತೂವರೆಗೆ ಒಬ್ಬ ಇಂಜಿನಿಯರಿಂಗ್ ಹುಡುಗ ಲೋಹದ ಬಿಡಿಭಾಗ ಮಾಡುವ ನಮ್ಮ ಶೆಡ್ಡಿಗೆ ಬಂದ. ಇಸ್ತ್ರಿ ಮಾಡಿದ ಶರ್ಟು, ಕೈಯಲ್ಲಿ ಫೈಲು. ಒಳಗೆ ಇಂಟರ್ನ್‌ಶಿಪ್ ರಿಪೋರ್ಟ್, ಸ್ಪೈರಲ್ ಬೈಂಡಿಂಗ್ ಸಮೇತ ರೆಡಿ! ನಮ್ಮ ಕಂಪನಿ ಹೆಸರು, ನಮ್ಮ ಮೆಷಿನ್‌ಗಳ ಫೋಟೋ (ನಮ್ಮಲ್ಲಿಲ್ಲದ ಫೈವ್-ಆಕ್ಸಿಸ್ (ಐದು ಅಕ್ಷಗಳಲ್ಲಿ ಚಲಿಸುವ) ಮೆಷಿನ್ ಕೂಡ ಇತ್ತು, ನೋಡಿ ಹೊಟ್ಟೆ ತುಂಬಿತು), 'ನಾಲ್ಕು ವಾರದಲ್ಲಿ ನಾನು ಕಲಿತದ್ದು' ಅಂತ ಎಂಟು ಪುಟ. ಪುಣ್ಯಾತ್ಮ ನಮ್ಮ ಗೇಟು ನೋಡಿದ್ದೇ ಇವತ್ತು. "ಒಂದು ಸೀಲ್, ಒಂದು ಸೈನ್ ಸಾರ್. ಹೋದ ತಿಂಗಳ ಡೇಟ್ ಹಾಕಿದರೆ ಸಾಕು" ಅಂದ.

ಪೀಣ್ಯದಲ್ಲಿ ಇಪ್ಪತ್ತು ವರ್ಷದಿಂದ ಕ್ವಾಲಿಟಿ ನೋಡುತ್ತಿರುವವನ ಮುಂದೆ ಸುಳ್ಳು ರಿಪೋರ್ಟ್ ಇಟ್ಟರೆ ಹೇಗಿರುತ್ತದೆ, ನಿಮಗೆ ಗೊತ್ತಲ್ಲ. ಆದರೂ ಬೈಯಲಿಲ್ಲ. ಮೈಕ್ರೋಮೀಟರ್ (ತೀರಾ ಸಣ್ಣ ಅಳತೆ ಹಿಡಿಯುವ ಸಾಧನ) ಕೊಟ್ಟು "ಈ ಪಿನ್ ಎಷ್ಟಿದೆ ನೋಡು" ಅಂದೆ. ಝೀರೋಗೆ ಸರಿಯಾಗಿ ನಿಲ್ಲುತ್ತದಾ ನೋಡಲಿಲ್ಲ. ಜಾಸ್ತಿ ಬಿಗಿಯದಂತೆ ತಡೆಯುವ ರ‍್ಯಾಚೆಟ್ ಮುಟ್ಟಲಿಲ್ಲ. ಥಿಂಬಲ್ (ತಿರುಗಿಸುವ ಹಿಡಿ) ಹಿಡಿದು ಸೋರುವ ನಲ್ಲಿ ನಿಲ್ಲಿಸುವ ಹಾಗೆ ಬಿಗಿದ. ನನ್ನ ಜೀವ ಬಾಯಿಗೆ ಬಂತು.

ಹೋದ ವರ್ಷ ಒಬ್ಬಳು ಡಿಪ್ಲೊಮಾ ಹುಡುಗಿ ಬಂದಿದ್ದಳು. ಮೊದಲ ವಾರ ನಾವು ಕೊಟ್ಟಿದ್ದು ಬರ್ (ಕತ್ತರಿಸಿದ ಅಂಚಿನಲ್ಲಿ ಉಳಿಯುವ ಚೂರು) ತೆಗೆಯುವ ಕೆಲಸ, ಟೀ ಹಂಚುವ ಕೆಲಸ. ಅವಳ ಹತ್ತಿರ ಇನ್ನೂರು ಪೇಜಿನ ನೋಟ್‌ಬುಕ್ ಇತ್ತು. ಯಾವ ಪೀಸ್, ಎಷ್ಟು ಗಂಟೆಗೆ, ಎಷ್ಟು ರೀಡಿಂಗ್, ಸುಮ್ನೆ ಬರೆದುಕೊಳ್ಳುತ್ತಿದ್ದಳು. ಮೂರನೇ ವಾರ ಒಂದು ಬುಶ್ (ಕೊಳವೆಯಂಥ ಬಿಡಿಭಾಗ) ಹಿಡಿದು ಬಂದು ಕೇಳಿದಳು: "ಸಾರ್, ಈ ಅಲ್ಯೂಮಿನಿಯಂ ಬುಶ್ ಮೆಷಿನ್‌ನಿಂದ ತೆಗೆದ ತಕ್ಷಣ ಅಳೆದರೆ ಓಕೆ. ಊಟ ಆದಮೇಲೆ ಅದನ್ನೇ ಅಳೆದರೆ ರಿಜೆಕ್ಟ್. ಯಾಕೆ?"

ಯಾಕೆ ಅಂದರೆ ಬಿಸಿ. ಪೀಸಿನ ಅಳತೆಯನ್ನು ಲೆಕ್ಕಕ್ಕೆ ಹಿಡಿಯುವುದು 20 ಡಿಗ್ರಿ ಸೆಲ್ಸಿಯಸ್‌ನಲ್ಲಿ. 100 ಮಿಲಿಮೀಟರ್ ಅಲ್ಯೂಮಿನಿಯಂ ಹತ್ತು ಡಿಗ್ರಿ ಜಾಸ್ತಿ ಕಾದರೆ ಸುಮಾರು 23 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್) ಹಿಗ್ಗುತ್ತದೆ. ನಮಗಿದ್ದ ಟಾಲರೆನ್ಸ್ (ಹೆಚ್ಚುಕಡಿಮೆ ಆಗಬಹುದಾದ ಮಿತಿ) 20 ಮೈಕ್ರಾನ್! ಆಪರೇಟರ್ ಬಿಸಿ ಪೀಸ್ ಅಳೆದು ಆಫ್‌ಸೆಟ್ ಹಾಕಿ ಮೆಷಿನ್ ತಿದ್ದುತ್ತಿದ್ದ, ತಣ್ಣಗಾದ ಮೇಲೆ ಎಲ್ಲಾ ಅಂಡರ್‌ಸೈಜ್. ಈ ಫಾರ್ಮುಲಾ ಪರೀಕ್ಷೆಯಲ್ಲಿ ಎಲ್ಲರೂ ಬರೆದವರೇ, ನನ್ನನ್ನೂ ಸೇರಿಸಿ. ಬುಶ್ ಕೈಯಲ್ಲಿ ಹಿಡಿದು ಕೇಳಿದ್ದು ಅವಳೊಬ್ಬಳೇ.

ಈಗ ಕಮೆಂಟಿನಲ್ಲಿ ಬರುತ್ತೀರಿ, ಗೊತ್ತು. "ಕಂಪನಿಯವರು ಟೀ ತರಿಸುತ್ತಾರೆ, ಕಾಸು ಕೊಡಲ್ಲ." ನಿಜ. 2024ರಲ್ಲಿ ಶುರುವಾದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಯಲ್ಲೂ ಶುರುವಿನಲ್ಲಿ ತಿಂಗಳಿಗೆ 5,000 ರೂಪಾಯಿ ಅಂತಲೇ ಇಟ್ಟಿದ್ದು. ಬೆಂಗಳೂರಲ್ಲಿ ಅದು ಪಿಜಿ ಬಾಡಿಗೆಗೇ ಸಾಲದು. ನಮ್ಮಲ್ಲಂತೂ ಬಸ್ ಚಾರ್ಜಿಗಿಂತ ಜಾಸ್ತಿ ಕೊಡುವುದಿಲ್ಲ, ಹೇಳಲು ನಾಚಿಕೆ. ಆದರೆ ಇವತ್ತಿನ ಹುಡುಗ ಕಾಸು ಕೇಳಲಿಲ್ಲವಲ್ಲ! ಕೆಲಸವನ್ನೂ ಕೇಳಲಿಲ್ಲ. ಸೀಲ್ ಕೇಳಿದ. ಇನ್ನು ಟೀ ವಿಷಯ. ಆ ಹುಡುಗಿ ಟೀ ಕೊಡಲು ಟೂಲ್‌ರೂಮಿಗೆ ಹೋದರೆ ಅರ್ಧ ಗಂಟೆ ವಾಪಸ್ ಬರುತ್ತಿರಲಿಲ್ಲ. ಬೋರಿಂಗ್ ಬಾರ್ (ತೂತು ದೊಡ್ಡದು ಮಾಡುವ ಟೂಲ್) ಉದ್ದ ಬಿಟ್ಟರೆ ಯಾಕೆ ಅದುರುತ್ತದೆ ಅಂತ ಹಿರಿಯರ ಬಾಯಿ ಬಿಡಿಸಿಕೊಂಡು ಬರುತ್ತಿದ್ದಳು. ಆ ಹಿರಿಯರು ನನ್ನ ಹತ್ತಿರ ಮಾತಾಡುವುದೇ ವರ್ಷಕ್ಕೆರಡು ಸಲ.

ಸರಿ, ಇದನ್ನೂ ಹೇಳಿಬಿಡುತ್ತೇನೆ. 1998ರಲ್ಲಿ ನಮಗೆ ಇದು 'ಇನ್‌ಪ್ಲಾಂಟ್ ಟ್ರೈನಿಂಗ್'. ಚಿಕ್ಕಪ್ಪನ ಸ್ನೇಹಿತರು ಕಣ್ಣು ಮುಚ್ಚಿ ಸೈನ್ ಹಾಕಿದರು. ನಾನು ಆ ಎರಡು ವಾರ ಮೆಜೆಸ್ಟಿಕ್ಕಿನಲ್ಲಿ ಮ್ಯಾಟಿನಿ ನೋಡಿದೆ. ಮೊದಲ ಕೆಲಸದ ಎರಡನೇ ದಿನ ಮೈಕ್ರೋಮೀಟರನ್ನು ಥೇಟ್ ಇವನ ಹಾಗೇ ಬಿಗಿದೆ. ಸೂಪರ್‌ವೈಸರ್ ಒಂದು ಮಾತೂ ಆಡಲಿಲ್ಲ. ಕೈಯಿಂದ ತೆಗೆದುಕೊಂಡು, ಬಟ್ಟೆಯಲ್ಲಿ ಒರೆಸಿ, ಡಬ್ಬಿಗೆ ಹಾಕಿದರು. ಮೂರು ತಿಂಗಳು ನನ್ನ ಕೈಗೆ ಕೊಡಲಿಲ್ಲ. ಅದಕ್ಕೇ ಇರಬೇಕು ಇವತ್ತು ಇಷ್ಟು ಉರಿದದ್ದು.

ಸಂಜೆ ಹುಡುಗನ ಅಪ್ಪನ ಫೋನು. "ಒಂದು ಸೀಲ್ ಅಷ್ಟೇ ಅಲ್ವಾ ಸಾರ್, ಹುಡುಗನ ಭವಿಷ್ಯ..." ನಾಲ್ಕು ವಾರ ಕಳಿಸಿ, ಸೀಲ್ ನಾನೇ ಒತ್ತುತ್ತೇನೆ, ಮೊದಲು ಅವನ ಸೇಫ್ಟಿ ಶೂ ಸೈಜ್ ಹೇಳಿ ಅಂದೆ. ಕೇಳಿ ಹೇಳ್ತೀನಿ ಅಂದರು.

ಒಂಬತ್ತೂವರೆ ಆಯಿತು. ಇನ್ನೂ ಸೈಜ್ ಬಂದಿಲ್ಲ.